ಪೆನ್ಸಿಲಮ್ಮನ ನೋಟ್‌ಬುಕ್ಕಿನ ಆ ಒಂದು ಸಾಲು

ಪಕ್ಷದ ಕಚೇರಿಯಲ್ಲಿ ನಲವತ್ತು ವರ್ಷ ಶೀಘ್ರಲಿಪಿಯಲ್ಲಿ ಭಾಷಣ ಬರೆದುಕೊಂಡು ಬೆರಳು ಸವೆಸಿದ ಪೆನ್ಸಿಲಮ್ಮನಿಗೆ ಅಂದು ರೋಸಿಹೋಗಿತ್ತು. ಅಧ್ಯಕ್ಷರು ಮತ್ತೆ ಹೇಳಿಕಳಿಸಿದ್ದರು. ಹಳೇ ನೋಟ್‌ಬುಕ್ ತರಬೇಕಂತೆ.

ಸ್ಥಾಪಕರು ಪಕ್ಷ ಕಟ್ಟಿದ ದಿನ ಮಾಡಿದ ಎರಡು ಗಂಟೆಯ ಭಾಷಣ ಇರುವುದು ಆ ನೋಟ್‌ಬುಕ್ಕಿನಲ್ಲಿ ಮಾತ್ರ. ಅದರ ಕೊಕ್ಕೆಗೆರೆಗಳನ್ನು ಓದಬಲ್ಲವಳು ಅವಳೊಬ್ಬಳೇ. ಈಗಿನ ಮುಖಂಡರೋ ಗಾಳಿ ಬಂದಾಗ ತೂರಿಕೊಳ್ಳುವ ಜನ. ಗಾಳಿ ತಿರುಗಿದಾಗಲೆಲ್ಲ ಅವಳಿಗೆ ಕರೆ ಬರುತ್ತಿತ್ತು. ಗಿರಣಿಗಳೆಲ್ಲ ಸರಕಾರದ್ದಾಗಲಿ ಎಂದು ಹುಟ್ಟಿದ ಪಕ್ಷ ಗಿರಣಿ ಮಾಲೀಕರನ್ನೇ ವೇದಿಕೆ ಹತ್ತಿಸಿದಾಗ, 'ಮಾಲೀಕನೂ ದುಡಿಯುವವನೇ' ಎಂಬ ಸಾಲು ಹುಡುಕಿಕೊಟ್ಟಿದ್ದಳು. ಹೆಂಡದಂಗಡಿ ಮುಚ್ಚಿಸುತ್ತೇವೆ ಎಂದವರು ಹೆಂಡದಂಗಡಿಯವನಿಗೇ ಟಿಕೆಟ್ ಕೊಟ್ಟಾಗ ಕ್ಷಮೆಯ ಬಗ್ಗೆ ಇನ್ನೊಂದು ಸಾಲು. ಎರಡು ಗಂಟೆ ಮಾತಾಡಿದವರ ಬಾಯಲ್ಲಿ ಏನು ತಾನೇ ಸಿಗುವುದಿಲ್ಲ?

ಒಂದು ಸಾಲಿಗೆ ಮಾತ್ರ ಯಾರೂ ಕೈ ಹಾಕಿರಲಿಲ್ಲ. ಕಚೇರಿಯ ಗೋಡೆಯ ಮೇಲೆ ಅದು ದಪ್ಪಕ್ಷರದಲ್ಲಿತ್ತು: 'ದೊಡ್ಡ ಪಕ್ಷದ ಮನೆಯಲ್ಲಿ ನಾವು ಬಾಡಿಗೆಗೆ ಇರುವುದಿಲ್ಲ.'

"ನಾಳೆ ಸಮ್ಮೇಳನದಲ್ಲಿ ದೊಡ್ಡ ಪಕ್ಷದೋರ ಜೊತೆ ಸೇರ್ತಾ ಇದೀವಿ, ಅಮ್ಮ," ಎಂದರು ಅಧ್ಯಕ್ಷರು, ಮೃದುವಾಗಿ. "ಆ ಸಾಲಲ್ಲಿ 'ಸದ್ಯಕ್ಕೆ' ಅಂತ ಒಂದು ಮಾತು ಇತ್ತೇನೋ, ಸ್ವಲ್ಪ ನೋಡಿ."

"ಇಲ್ಲ."

"ಇದೆ ಅಂತ ಓದಿ. ನಿಮ್ಮನ್ನ ಬಿಟ್ರೆ ಯಾರಿಗೆ ಗೊತ್ತಾಗುತ್ತೆ?"

ಅವಳ ಮೈ ಉರಿಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಪಕ್ಷ ಕಟ್ಟಿದ ಆ ದಿನ, ಸರಿಯಾಗಿ ಆ ಸಾಲಿನ ಹೊತ್ತಿಗೇ ಅವಳ ಪೆನ್ಸಿಲಿನ ಮೊನೆ ಮುರಿದಿತ್ತು. ಇನ್ನೊಂದಕ್ಕೆ ತಡಕಾಡುವಷ್ಟರಲ್ಲಿ ಸ್ಥಾಪಕರು ಏನೋ ಅಂದರು, ಜನ ಚಪ್ಪಾಳೆ ಹೊಡೆದರು, ಪುಟದಲ್ಲಿ ಉಳಿದದ್ದು ಒಂದು ಗೀಚು. ಸಂಜೆ ಮೆಲ್ಲಗೆ ಕೇಳಿದರೆ, "ನೀನು ಬರ್ಕೊಂಡಿದೀಯಲ್ಲಮ್ಮ," ಅಂದುಬಿಟ್ಟರು. ಅವರಿಗೇ ನೆನಪಿರಲಿಲ್ಲ. ಕೆಲಸ ಹೋದೀತೆಂಬ ಭಯ ಬೇರೆ. ಮನೆ ಮಾಲೀಕನ ಕಾಟದಿಂದ ಬೇಸತ್ತಿದ್ದ ಇಪ್ಪತ್ತೆರಡರ ಹುಡುಗಿ ಗೀಚಿನ ಜಾಗಕ್ಕೆ ತನಗೆ ತೋಚಿದ ಒಂದು ಸಾಲನ್ನಷ್ಟೇ ಟೈಪು ಮಾಡಿಕೊಟ್ಟಳು. "ಹೌದು, ಇದೇ ಹೇಳಿದ್ದು," ಎಂದು ಅವರು ಹಿಗ್ಗಿದರು. ಅವರು ನಿಜವಾಗಿ ಹೇಳಿದ್ದನ್ನೆಲ್ಲ ಪಕ್ಷ ಒಂದೊಂದಾಗಿ ಮೂಟೆ ಕಟ್ಟಿ ಅಟ್ಟಕ್ಕೆಸೆಯಿತು. ಇಷ್ಟು ವರ್ಷ ನಿಂತದ್ದು ಬಾಡಿಗೆ ಮನೆಯ ಹುಡುಗಿಯ ಈ ಒಂದು ಮಾತು. ಈಗ ಅದಕ್ಕೂ ಸಂಚಕಾರ.

ಪೆನ್ಸಿಲಮ್ಮ ಗೀಚಿನ ಮೇಲೆ ಬೆರಳಿಟ್ಟು, ಗೋಡೆಯ ಮೇಲಿನ ಸಾಲನ್ನು ಇದ್ದ ಹಾಗೇ ಓದಿದಳು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ.

"ಹಾಗಾದ್ರೆ ಈ ಪುಟಾನೇ ಹರಿದುಹಾಕ್ತೀನಿ," ಎಂದರು ಅಧ್ಯಕ್ಷರು, ಮುಖ ಗಂಟುಹಾಕಿಕೊಂಡು.

ಅವಳು ನೋಟ್‌ಬುಕ್ಕನ್ನು ಅವರ ಮುಂದಕ್ಕೆ ತಳ್ಳಿ, ಚೀಲದಿಂದ ಪೆನ್ಸಿಲ್ ತೆಗೆದಳು.

"ಹರೀರಿ. ಅದನ್ನ ಮೊದಲ ಸಲ ಬರೆದೋಳೂ ನಾನೇ. ಇನ್ನೊಂದು ಸಲ ಬರಿಯೋಕೆ ನಂಗೇನು ಕಷ್ಟ?"