ಆರಡಿ ಒಂದಿಂಚು

ನಮ್ಮವರು ಅಗ್ನಿಶಾಮಕ ಠಾಣೆಯಲ್ಲಿ ಇಪ್ಪತ್ತೇಳು ವರ್ಷದಿಂದ ಇದ್ದರು. ವರ್ಷಕ್ಕೊಮ್ಮೆ ಹೊರಗಿನ ಆಸ್ಪತ್ರೆಯವರು ಬಂದು ಎಲ್ಲರಿಂದಲೂ ಒಂದು ಕೊಳವೆಯೊಳಗೆ ಊದಿಸಿ, ಶ್ವಾಸಕೋಶದಲ್ಲಿ ಎಷ್ಟು ಬಲ ಉಳಿದಿದೆ ಎಂದು ಬರೆದುಕೊಡುತ್ತಿದ್ದರು. ಊದಿ ಗೆದ್ದವರು ಹೊಗೆಯೊಳಗೆ ಹೋಗಬಹುದು. ಸೋತವರಿಗೆ ಫೋನಿನ ಮುಂದಿನ ಕುರ್ಚಿ. ನಾಲ್ಕು ವರ್ಷದಿಂದ ನಮ್ಮವರಿಗೆ ಕೆಮ್ಮು. ನಾನು ಬಾಯಿ ತೆರೆದಾಗಲೆಲ್ಲ ಆ ವರ್ಷದ ಕಾಗದ ತಂದು ಕೈಗಿಡುತ್ತಿದ್ದರು. ಕೊನೆಯಲ್ಲಿ ‘ಅರ್ಹ’ ಎಂದಿರುತ್ತಿತ್ತು. ಅಷ್ಟನ್ನು ಓದಿ, ಮಡಿಸಿ ಬೀರುವಿನಲ್ಲಿಟ್ಟು ಸುಮ್ಮನಾಗುತ್ತಿದ್ದೆ.

ಅವರ ಜೊತೆಗಾರನಿಗೆ ಠಾಣೆಯಲ್ಲಿ ಏಣಿ ಎಂದೇ ಹೆಸರು. ಬಗ್ಗದೆ ನಮ್ಮ ಬಾಗಿಲು ದಾಟಿದವನಲ್ಲ. ಅವನು ಒಳಗೆ ಬಂದರೆ ನನ್ನ ಮನೆ ಕುಳ್ಳಾಗುತ್ತದೆ ಎಂದು ನಾನೇ ಗೇಲಿ ಮಾಡುತ್ತಿದ್ದೆ. ನನ್ನನ್ನು ಅತ್ತಿಗೆ ಎನ್ನುತ್ತಿದ್ದ. ವಾರಕ್ಕೆರಡು ಸಲ ನಮ್ಮಲ್ಲೇ ಊಟ.

ಒಂದು ಮಧ್ಯಾಹ್ನ ನಮ್ಮವರು ಅರ್ಧ ಮೆಟ್ಟಿಲಲ್ಲಿ ಗೋಡೆ ಹಿಡಿದು ಕೂತುಬಿಟ್ಟರು. ನಾಲ್ಕೂ ಕಾಗದ ಚೀಲಕ್ಕೆ ಹಾಕಿಕೊಂಡು, ಹಠ ಮಾಡಿ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಊದಿಸಿದರು, ಮತ್ತೆ ಊದಿಸಿದರು. ನಾನು ತಂದ ಕೊನೆಯ ಕಾಗದದ ತಾರೀಖು ನೋಡಿ, ಇಷ್ಟು ಬಲವಿದ್ದ ಶ್ವಾಸಕೋಶ ಆರು ತಿಂಗಳಲ್ಲಿ ಹೀಗೆ ಅರ್ಧವಾಗುವುದಿಲ್ಲ ಎಂದರು.

“ಅಮ್ಮಾ, ಇದು ಇವರದ್ದೇ ತಾನೇ?”

ಕಾಗದ ಇಸಿದುಕೊಂಡು ಮೊದಲ ಬಾರಿಗೆ ಮೇಲಿನಿಂದ ಓದಿದೆ. ಹೆಸರು ನಮ್ಮವರದೇ. ಎತ್ತರ ಆರಡಿ ಒಂದಿಂಚು. ನಮ್ಮವರು ಐದೂವರೆ ಅಡಿ ಮುಟ್ಟಿದವರಲ್ಲ. ನಾಲ್ಕರಲ್ಲೂ ಅದೇ ಅಳತೆ. ಅವರು ತಮ್ಮ ಚಪ್ಪಲಿ ನೋಡುತ್ತ ಕುಳಿತಿದ್ದರು.

ಮೊದಲ ವರ್ಷವೇ ತಿಳಿದಿದ್ದರೆ ಹೊಗೆಯಿಂದ ದೂರವಿಟ್ಟು ಅಲ್ಲಿಗೇ ತಡೆಯಬಹುದಿತ್ತಂತೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನಾದರೂ ಕಾಪಾಡಿ ಎಂದರು ಡಾಕ್ಟರಮ್ಮ.

ಸಂಜೆ ಏಣಿ ಬಂದ. ಅವನ ತಟ್ಟೆ ಇಡುವ ಜಾಗದಲ್ಲಿ ಕಾಗದಗಳನ್ನು ಹರಡಿದೆ. ಅವನು ಮುಚ್ಚಿಡಲಿಲ್ಲ. ಊದಿಸಲು ಬರುವವರಿಗೆ ಮುಖ ಗೊತ್ತಿಲ್ಲ, ಎದೆಯ ಮೇಲಿನ ಹೆಸರು ನೋಡುತ್ತಾರೆ ಅಷ್ಟೆ. ತನ್ನ ಸರದಿ ಮುಗಿಸಿ, ನಮ್ಮವರ ಅಂಗಿ ತೊಟ್ಟು ಇನ್ನೊಂದು ಮೇಜಿನ ಸಾಲಿಗೆ ನಿಲ್ಲುತ್ತಿದ್ದನಂತೆ. ತೋಳು ಮೊಣಕೈಗೇ ನಿಲ್ಲುತ್ತಿತ್ತು ಎಂದು ನಗಲು ನೋಡಿದ.

“ಅಣ್ಣನೇ ಕೈ ಮುಗಿದು ಕೇಳ್ಕೊಂಡ ಅತ್ತಿಗೆ. ಕುರ್ಚಿಗೆ ಹಾಕಿದ್ರೆ ನಾನು ಬದುಕಲ್ಲ ಅಂದ. ಏನು ಮಾಡ್ಲಿ?”

“ಅವರು ಪಕ್ಕದಲ್ಲೇ ಕೂತು ಕೆಮ್ತಿದ್ರು. ನಿನಗೆ ತುತ್ತು ಹೇಗಪ್ಪ ಇಳೀತು?”

ನಮ್ಮವರು ನಡುವೆ ಬಾಯಿ ಹಾಕಿ, ನಿವೃತ್ತಿಗೆ ಇನ್ನೆರಡೇ ವರ್ಷ, ಎರಡು ಸಲ ಊದಿದರೆ ಮುಗಿಯಿತು, ನೀನು ಬಾಯಿ ಬಿಡಬೇಡ ಎಂದರು. ಅಂದರೆ ಮುಂದಿನದನ್ನೂ ಇಬ್ಬರೂ ಆಗಲೇ ಮಾತಾಡಿಕೊಂಡಿದ್ದರು. ಉಂಡ ಮನೆಗೆ ಎರಡು ಬಗೆದವನ ಮೇಲೆ ಸಿಟ್ಟು ಮಾಡಬಹುದು. ಆ ಮನೆಯ ಯಜಮಾನನೇ ಬಗೆದರೆ ಯಾರ ಮುಂದೆ ಹೇಳುವುದು?

ಮರುದಿನ ಬೆಳಿಗ್ಗೆ ಠಾಣೆಗೆ ಹೋಗಿ ಹಳೆಯ ಕಾಗದ, ಹೊಸ ಕಾಗದ ಎರಡನ್ನೂ ಸಾಹೇಬರ ಮೇಜಿನ ಮೇಲಿಟ್ಟೆ. ಇಬ್ಬರ ಮೇಲೂ ವಿಚಾರಣೆ ಆಗುತ್ತದೆ, ಗೊತ್ತೇ ಎಂದು ಕೇಳಿದರು. ಗೊತ್ತು ಎಂದೆ.

ನಮ್ಮವರಿಗೆ ಕುರ್ಚಿ ಸಿಕ್ಕಿತು. ಏಣಿ ಮತ್ತೆ ನಮ್ಮ ಕಡೆ ಬರಲಿಲ್ಲ. ಇಪ್ಪತ್ತು ದಿನ ನಮ್ಮವರು ನನ್ನೊಡನೆ ಮಾತು ಬಿಟ್ಟಿದ್ದರು. ಆಮೇಲೊಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಬೆನ್ನಿಗೆ ಚೂರಿ ಹಾಕೋರು... ಹೊರಗಿನವರು ಅಂದ್ಕೊಂಡಿದ್ದೆ... ನೀನೇ ಹಾಕಿದೆ.”

ಮಾತು ಪೂರ್ತಿಯಾಗುವ ತನಕ ಕಾದೆ. ಅಷ್ಟು ಹೇಳಲು ಅವರು ಎರಡು ಸಲ ನಿಂತು ಉಸಿರೆಳೆದುಕೊಳ್ಳಬೇಕಾಯಿತು.