ನೋಡೋಣಕ್ಕೆ ಕಾಲಂ ಇಲ್ಲ

ಊರಿನವರ ಅಭಿಪ್ರಾಯ ಕೇಳಿ ಬರೆದುಕೊಂಡು ಬರುವುದು ಅವಳ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಕೊರಳಿಗೆ ಗುರುತಿನ ಚೀಟಿ, ಕೈಗೆ ರಟ್ಟು, ರಟ್ಟಿನ ಕ್ಲಿಪ್ಪಿಗೆ ಅಚ್ಚುಹಾಕಿದ ಫಾರಂಗಳು. ಬೀದಿಯ ಮೂಲೆಯಿಂದ ಬಲಗಡೆ ಹಿಡಿದು ಎಣಿಸುತ್ತ ಹೋಗಿ ಪ್ರತಿ ಏಳನೆಯ ಮನೆಯ ಗಂಟೆ ಒತ್ತಬೇಕು. ಬಾಗಿಲು ತೆರೆದವರಿಗೆ ಇಪ್ಪತ್ತು ಪ್ರಶ್ನೆ. ಮನೆಯ ಒಬ್ಬ ಗಂಡಸಿಗೆ, ಒಬ್ಬ ಹೆಂಗಸಿಗೆ ಬೇರೆಬೇರೆ ಕಾಲಂ. ಹೆಸರು ಬರೆಯುವಂತಿಲ್ಲ, ಮನೆಯ ನಂಬರು ಸಾಕು.

ಎರಡು ವರ್ಷದಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಮನೆಗಳ ಮೆಟ್ಟಿಲು ಹತ್ತಿಳಿದ ಮೇಲೆ ಅವಳಿಗೆ ಒಂದು ವಿಷಯ ಖಾತ್ರಿಯಾಗಿತ್ತು. ಊರಲ್ಲಿ ಕೆಟ್ಟವರು ಯಾರೂ ಇಲ್ಲ. ಗಂಡಸರೂ ಮನೆಗೆಲಸ ಮಾಡಬೇಕು ಎಂದು ಒಬ್ಬ ಯಜಮಾನರು ಗಟ್ಟಿಯಾಗಿ ಹೇಳಿದ್ದರು. ಹೇಳುತ್ತಲೇ, ಹೆಂಡತಿ ಕುರ್ಚಿಯ ಕೆಳಗೆ ಗುಡಿಸಲಿ ಎಂದು ಎರಡೂ ಕಾಲು ಮೇಲೆತ್ತಿದ್ದರು. ಮಕ್ಕಳು ತಮಗೆ ಇಷ್ಟವಾದದ್ದನ್ನೇ ಓದಬೇಕು ಎಂದು ಒಬ್ಬ ತಾಯಿ ಹೇಳಿದಾಗ, ಆಕೆಯ ಮಾತು ಮುಗಿಯುವ ಮೊದಲೇ ಪಕ್ಕದಲ್ಲಿದ್ದ ಮಗ ಹೌದೆಂದು ತಲೆಯಾಡಿಸಿದ್ದ. ಅಷ್ಟು ಅಭ್ಯಾಸವಾಗಿತ್ತು ಅವನಿಗೆ. "ನಮ್ಮ ಮನೇಲಿ ಆ ಥರ ಏನಿಲ್ಲಮ್ಮ, ಜನ ಸರಿ ಇಲ್ಲ ಅಷ್ಟೇ" ಎಂದು ಎಲ್ಲರೂ ಹೇಳುತ್ತಿದ್ದರು. ಈ 'ಜನ' ಎನ್ನುವವರ ಮನೆ ಮಾತ್ರ ಅವಳಿಗೆ ಇದುವರೆಗೂ ಸಿಕ್ಕಿರಲಿಲ್ಲ. ಬಹುಶಃ ಅವರು ಯಾವಾಗಲೂ ಆರನೆಯ ಮನೆಯಲ್ಲೋ ಎಂಟನೆಯ ಮನೆಯಲ್ಲೋ ಇರುತ್ತಿದ್ದರು.

ಕೆಲಸದ ನಿಯಮಗಳು ಕಟ್ಟುನಿಟ್ಟು. ಪ್ರಶ್ನೆಯ ಒಂದಕ್ಷರವನ್ನೂ ಬದಲಿಸಬಾರದು, ಬಿಡಿಸಿ ಹೇಳಬಾರದು, ಮುಖದಲ್ಲಿ ಯಾವ ಭಾವವೂ ಕಾಣಬಾರದು. ಉತ್ತರ ಬಾರದಿದ್ದರೆ ಅದೇ ಪ್ರಶ್ನೆಯನ್ನು ಇನ್ನೆರಡು ಸಲ ಓದಬೇಕು. ಮೂರನೆಯ ಸಲವೂ ಬಾರದಿದ್ದರೆ 'ಹೇಳಲಾರೆ' ಎಂಬ ಸೊನ್ನೆಗೆ ಮಸಿ ತುಂಬಿ ಮುಂದೆ ಹೋಗಬೇಕು.

"ಹೇಳಲಾರೆ ಅಂದವರು ಶೇಕಡಾ ಲೆಕ್ಕಕ್ಕೆ ಬರಲ್ಲ, ತಿಳೀತಾ?" ಎಂದು ಮೇಲ್ವಿಚಾರಕಿ ಮೊದಲ ದಿನವೇ ಹೇಳಿಕೊಟ್ಟಿದ್ದರು. "ಹತ್ತು ಜನ ಇದ್ದು ಒಂಬತ್ತು ಜನ ಸುಮ್ಮನಿದ್ರೆ, ಬಾಯಿ ಬಿಟ್ಟ ಆ ಒಬ್ಬನೇ ನೂರಕ್ಕೆ ನೂರು."

ಅವಳಿಗೆ ಆ ನಿಯಮ ಗಂಟಲಿನ ಮುಳ್ಳಿನ ಹಾಗಿತ್ತು. ಮೊದಲ ಓದಿಗೂ ಎರಡನೆಯ ಓದಿಗೂ ನಡುವೆ ಬಾಗಿಲಲ್ಲಿ ನಿಲ್ಲುವ ಮೌನವೇ ಅವಳಿಗೆ ಇಷ್ಟ. ಆಗಷ್ಟೇ ಮನುಷ್ಯರ ಮುಖ ಅವರದೇ ಮುಖದ ಹಾಗೆ ಕಾಣುತ್ತಿತ್ತು. ಅದಕ್ಕೆ ಫಾರಂನಲ್ಲಿ ಕಾಲಂ ಇರಲಿಲ್ಲ.

ಮೌನದ ಪಾಠ ಅವಳಿಗೆ ಮನೆಯಲ್ಲೇ ಆಗಿತ್ತು. ಅಪ್ಪ ಬಸ್ ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತು ಬಿಟ್ಟುಹೋದ ಸಾಮಾನು ಕಾಯುವ ವಿಭಾಗದ ಗುಮಾಸ್ತ. ಕೊಡೆ, ಕನ್ನಡಕ, ಊಟದ ಡಬ್ಬಿ, ಒಮ್ಮೆ ಒಂದು ಕಟ್ಟಿಸಿದ ಹಲ್ಲಿನ ಸೆಟ್ಟು. ಕಳೆದುಕೊಂಡವರು ಓಡಿಬಂದು "ಸಿಗತ್ತಾ ಸಾರ್?" ಎಂದರೆ ಅಪ್ಪ ಮೂವತ್ತು ವರ್ಷದಿಂದ ಹೇಳುತ್ತ ಬಂದ ಉತ್ತರ ಒಂದೇ. "ನೋಡೋಣ." ಆ ಮಾತು ಕಚೇರಿಯಿಂದ ಊಟದ ಡಬ್ಬಿಯ ಜೊತೆಗೇ ಮನೆಗೂ ಬಂದಿತ್ತು. ಅಪ್ಪ ಯಾವುದಕ್ಕೂ ಬೇಡ ಎಂದವರಲ್ಲ. ಹೊಲಿಗೆ ತರಗತಿಗೆ ಸೇರಲಾ ಎಂದು ಅಮ್ಮ ಕೇಳಿದಾಗ "ನೋಡೋಣ" ಎಂದಿದ್ದರು. ಅದಾಗಿ ಹತ್ತೊಂಬತ್ತು ವರ್ಷ. ಇನ್ನೂ ನೋಡುತ್ತಲೇ ಇದ್ದರು.

ಈಗ ಸರದಿ ಅವಳದು. ದೂರದ ಊರಿನ ಶಾಖೆಯಲ್ಲಿ ತಂಡದ ಮುಖ್ಯಸ್ಥೆಯ ಜಾಗ ಖಾಲಿಯಿತ್ತು. ಕಚೇರಿ ಅವಳನ್ನೇ ಆರಿಸಿತ್ತು. ಬುಧವಾರ ಮಧ್ಯಾಹ್ನದೊಳಗೆ ಒಪ್ಪಿಗೆ ಹೇಳದಿದ್ದರೆ ಬೇರೆಯವರಿಗೆ ಹೋಗುತ್ತದೆ. ಅಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇರಬೇಕು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಅವಳು ಏನನ್ನೋ ಬಾಯಿಬಿಟ್ಟು ಕೇಳಿದ್ದಳು. ಜೊತೆಗೆ, ಅಟ್ಟದ ಮೇಲಿದ್ದ ಅಪ್ಪನ ಹಳೆಯ ದೊಡ್ಡ ಬ್ಯಾಗನ್ನೂ ಕೇಳಿದ್ದಳು. ಅದರ ಜಿಪ್ಪು ಅರ್ಧಕ್ಕೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕೆಲಸಕ್ಕೂ ಬ್ಯಾಗಿಗೂ ಸೇರಿಸಿ ಅಪ್ಪ ಒಂದೇ ಉತ್ತರ ಕೊಟ್ಟಿದ್ದರು.

"ನೋಡೋಣ."

ಅಪ್ಪನ ಒಪ್ಪಿಗೆಯಿಲ್ಲದೆಯೂ ಹೋಗಬಹುದಿತ್ತು. ಪದವಿ ಪಡೆದವಳು, ಸಂಬಳ ತರುವವಳು. ಆದರೆ ಬೇಡ ಎಂದವರನ್ನು ಎದುರುಹಾಕಿಕೊಂಡು ಹೋಗಬಹುದು, ನೋಡೋಣ ಎಂದವರನ್ನು ದಾಟಿ ಹೋಗುವುದು ಹೇಗೆ? ಮುಚ್ಚಿದ ಬಾಗಿಲನ್ನಾದರೂ ತಟ್ಟಬಹುದು. ಇದು ಮಂಜು.

ಭಾನುವಾರ ಹತ್ತು ಗಂಟೆಗೆ ಮನೆಯ ಗಂಟೆ ಒಂದಲ್ಲ, ಮೂರು ಸಲ ಬಾರಿಸಿತು. ಅವಳು ಅಡುಗೆಮನೆಯಲ್ಲಿದ್ದಳು. ದನಿ ಕೇಳಿಯೇ ಗುರುತಾಯಿತು. ಅವಳ ಕಚೇರಿಯವನೇ. ಅವನನ್ನು ಎಲ್ಲರೂ ಕರೆಯುವುದು ಗಡಿಬಿಡಿ ಎಂದು. ನಡೆಯುವುದು, ಉಣ್ಣುವುದು, ಎಣಿಸುವುದು ಎಲ್ಲವೂ ಅವಸರದಲ್ಲೇ. ಮೂಲೆಯಲ್ಲಿ ಮುಚ್ಚಿಹೋದ ಜೆರಾಕ್ಸ್ ಅಂಗಡಿಯನ್ನೂ ಒಂದು ಮನೆಯೆಂದು ಎಣಿಸಿದ್ದಾನೆ ಎಂದು ಅವಳು ನಿಂತಲ್ಲೇ ಲೆಕ್ಕ ಹಾಕಿದಳು. ಅವನು ಹೋಗಬೇಕಾದದ್ದು ಮಹಡಿಯ ಮೇಲಿನ ಮನೆಗೆ. ಅದೂ ಅಲ್ಲದೆ ಕಚೇರಿಯವರ ಸ್ವಂತ ಮನೆಯನ್ನು ಕೇಳುವ ಹಾಗೇ ಇಲ್ಲ. ಇವಳ ಮನೆ ಇದೇ ಎಂದು ಪಾಪ ಅವನಿಗೇನು ಗೊತ್ತು. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಅವಳು ಹೇಳಲಿಲ್ಲ. ಒಲೆ ಸಣ್ಣ ಮಾಡಿ, ಬಾಗಿಲ ಸಂದಿಗೆ ಬಂದು ನಿಂತಳು.

"ತಮ್ಮ ಅಭಿಪ್ರಾಯ ಬೇಕಾಗಿತ್ತು ಸಾರ್" ಎಂದ ಗಡಿಬಿಡಿ.

ಅಪ್ಪ ಒಂದು ಕ್ಷಣ ಹಿಂದೆ ತಿರುಗಿ ನೋಡಿದರು, ತನ್ನನ್ನೇ ಕೇಳುತ್ತಿದ್ದಾನೋ ಇನ್ಯಾರನ್ನೋ ಎಂದು. ಮೂವತ್ತು ವರ್ಷದಿಂದ ಕೊಡೆ ಕೇಳುವವರನ್ನು ಬಿಟ್ಟರೆ ಹೊರಗಿನವರು ಯಾರೂ ಅವರನ್ನು ಏನನ್ನೂ ಕೇಳಿರಲಿಲ್ಲ. "ಕೂತ್ಕೊಳ್ಳಿ, ಬಂದೆ" ಎಂದು ಒಳಗೆ ಹೋಗಿ ಇಸ್ತ್ರಿಯ ಅಂಗಿ ತೊಟ್ಟು ಬಂದರು. ಅತಿಥಿಗಳ ಕುರ್ಚಿಯಲ್ಲಿ ತಾವೇ ಕೂತರು. ಗಡಿಬಿಡಿಗೆ ಅಂಚು ಮುರಿದ ಸ್ಟೂಲು ಸಿಕ್ಕಿತು.

"ಗಂಡ ಹೆಂಡತಿ ಇಬ್ಬರೂ ದುಡಿಯೋದನ್ನ ಒಪ್ತೀರಾ?"

"ಒಪ್ಪದೇ ಇರೋರು ಇದಾರಾ ಈ ಕಾಲದಲ್ಲಿ?"

"ಮನೆಯ ಮುಖ್ಯ ವಿಷಯಗಳನ್ನ ನಿರ್ಧರಿಸೋರು ಯಾರು?"

"ಎಲ್ಲರೂ ಕೂತು ಮಾತಾಡಿ."

ಅವಳ ಹಿಂದೆ ನಿಂತಿದ್ದ ಅಮ್ಮನ ಕೈಯಿಂದ ಸೌಟು ಜಾರಿ ಬಿತ್ತು.

"ಏನದು?" ಎಂದರು ಅಪ್ಪ.

"ಏನಿಲ್ಲ ರೀ, ಕೈ ತಪ್ಪಿತು" ಎಂದರು ಅಮ್ಮ. ಎತ್ತಿಕೊಳ್ಳಲು ಬಗ್ಗಿದವರು ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು. ಭುಜ ಅಲ್ಲಾಡುತ್ತಿತ್ತು. ಅಳುವೋ ನಗುವೋ ಎಂದು ಅವಳು ಇಣುಕಿ ನೋಡಿದಳು. ನಗು.

ಹದಿನಾಲ್ಕನೆಯ ಪ್ರಶ್ನೆ ಬಂತು. ಗಡಿಬಿಡಿ ಉಸಿರು ಬಿಡದೆ ಓದಿದ. "ಮದುವೆಯಾಗದ ಹೆಣ್ಣುಮಕ್ಕಳು ಕೆಲಸಕ್ಕಾಗಿ ಬೇರೆ ಊರಿನಲ್ಲಿ ಒಬ್ಬರೇ ಇರುವುದನ್ನು ನೀವು ಒಪ್ಪುತ್ತೀರಾ?"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಪೂರ್ತಿ ಒಪ್ತೀನಿ" ಎಂದರು ಅಪ್ಪ. "ದಪ್ಪಕ್ಷರದಲ್ಲಿ ಬರ್ಕೊಳ್ಳಿ. ಹೆಣ್ಣುಮಕ್ಕಳನ್ನ ಮನೇಲಿ ಕಟ್ಟಿಹಾಕೋದಕ್ಕೆ ಅವರೇನು ಸಾಮಾನಾ? ಆದ್ರೆ ಏನ್ಮಾಡ್ತೀರಿ, ಜನ ಸರಿ ಇಲ್ಲ."

ಹಾಗಾದರೆ ಆ 'ಜನ' ಇಲ್ಲೇ ಇದ್ದಾರೆ, ಎಂದುಕೊಂಡಳು ಅವಳು. ಮೂರು ಸಾವಿರ ಮನೆ ಹುಡುಕಿದ್ದು ದಂಡ.

ಕೊನೆಗೆ ಅಮ್ಮನನ್ನು ಕರೆದರು. ಗಡಿಬಿಡಿ ಮೊದಲ ಪ್ರಶ್ನೆ ಓದುವಷ್ಟರಲ್ಲಿ ಅಮ್ಮ "ಅವರು ಹೇಳಿದ್ದೇ" ಎಂದರು. ಅವನಿಗೆ ಇನ್ನೇನು ಬೇಕು? ಹೆಂಗಸರ ಕಾಲಂನಲ್ಲಿ ಮೇಲಿಂದ ಕೆಳಗೆ ಒಂದೇ ಗೀಟು ಎಳೆದು, ಟೀ ಕುಡಿದು, ಹೋದ. ಆ ಭಾನುವಾರವಿಡೀ ಅಪ್ಪ ಇಸ್ತ್ರಿಯ ಅಂಗಿ ತೆಗೆಯಲಿಲ್ಲ. ಊಟದ ಹೊತ್ತಿಗೆ ಅವಳು "ಅಪ್ಪ, ಬುಧವಾರ ಕೊನೇ ದಿನ" ಎಂದಳು. ಅಪ್ಪ ತಟ್ಟೆ ನೋಡುತ್ತ "ನೋಡೋಣ" ಎಂದರು.

ಕಚೇರಿಯಲ್ಲಿ ಮರುಭೇಟಿ ಎಂಬ ಪದ್ಧತಿಯಿತ್ತು. ಒಬ್ಬರು ತಂದ ಫಾರಂಗಳಲ್ಲಿ ಹತ್ತಕ್ಕೊಂದನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಅವರು ಅದೇ ಮನೆಗೆ ಹೋಗಿ ಅದೇ ಪ್ರಶ್ನೆ ಕೇಳಿ ತಾಳೆ ನೋಡಿ, ಮರುಭೇಟಿ ಆಯಿತೆಂಬುದಕ್ಕೆ ಮನೆಯವರ ಸಹಿ ತರಬೇಕು. ಮಂಗಳವಾರ ಬೆಳಿಗ್ಗೆ ಗಡಿಬಿಡಿಯ ಫಾರಂಗಳು ಅವಳ ಮೇಜಿಗೆ ಬಂದವು. ಮೂರನೆಯದರ ಮೇಲೆ ಅವಳದೇ ಮನೆಯ ನಂಬರು.

ಆಗಲೇ ಎದ್ದುಹೋಗಿ ಹೇಳಬೇಕಿತ್ತು. ಅವಳು ರಟ್ಟಿಗೆ ಫಾರಂ ಸಿಕ್ಕಿಸಿಕೊಂಡು ಮನೆಯ ಬಸ್ಸು ಹತ್ತಿದಳು. ಅಪ್ಪನಿಗೆ ಅಂದು ರಜೆ. ಕೈಚೀಲದಲ್ಲಿ ಬೀಗದ ಕೈ ಇದ್ದರೂ ಗಂಟೆ ಒತ್ತಿದಳು. ಒಂದೇ ಸಲ, ನಿಯಮದಂತೆ.

ಅಪ್ಪ ಬಾಗಿಲು ತೆರೆದರು. "ಕೀ ಮರೆತ್ಯಾ ಪುಟ್ಟಿ?"

"ನಮಸ್ಕಾರ. ಭಾನುವಾರ ತಾವು ಕೊಟ್ಟ ಉತ್ತರಗಳನ್ನ ಪರಿಶೀಲಿಸೋದಕ್ಕೆ ಬಂದಿದೀನಿ. ಹತ್ತು ನಿಮಿಷ ಸಾಕು."

ಅಪ್ಪ ನಕ್ಕರು. ಅವಳು ನಗಲಿಲ್ಲ. ಮನೆಯಲ್ಲಿ 'ನೀನು' ಎನ್ನುವ ಮಗಳು 'ತಾವು' ಎಂದಾಗ ಅಪ್ಪನ ಕೈ ತಂತಾನೇ ಅಂಗಿಯ ಗುಂಡಿಗೆ ಹೋಯಿತು. "ಇದೆಂಥ ಆಟ? ಒಳಗೆ ಬಾ."

"ಹದಿನಾಲ್ಕನೆಯ ಪ್ರಶ್ನೆ. ಮದುವೆಯಾಗದ ಹೆಣ್ಣುಮಕ್ಕಳು ಕೆಲಸಕ್ಕಾಗಿ ಬೇರೆ ಊರಿನಲ್ಲಿ ಒಬ್ಬರೇ ಇರುವುದನ್ನು ನೀವು ಒಪ್ಪುತ್ತೀರಾ?"

ಅಷ್ಟರಲ್ಲಿ ಮಹಡಿ ಮನೆಯಾಕೆ ಮೆಟ್ಟಿಲಿಳಿದು ಬಂದವರು ಅಲ್ಲೇ ನಿಂತರು. "ಏನಂತೆ? ಮೊನ್ನೆ ಬಂದವನೂ ನಮ್ಮನೆಗೆ ಬರಲೇ ಇಲ್ಲ. ನಮಗೇನು ಅಭಿಪ್ರಾಯ ಇಲ್ವಾ?"

"ನಿಮಗಿಲ್ಲದೆ ಇನ್ಯಾರಿಗಿರತ್ತೆ ಅಕ್ಕ" ಎಂದು ಒಳಗಿನಿಂದ ಅಮ್ಮ ಹೇಳಿದರು.

ಅಪ್ಪ ದನಿ ತಗ್ಗಿಸಿದರು. "ಅದು ಹೆಣ್ಣುಮಕ್ಕಳ ವಿಷಯ ಕೇಳಿದ್ದು ಕಣೇ. ನನ್ನ ಮಗಳ ವಿಷಯ ಎಲ್ಲಿ ಕೇಳಿದ್ದ ಅವನು?"

ಪ್ರಶ್ನೆಯನ್ನು ಬಿಡಿಸಿ ಹೇಳುವಂತಿಲ್ಲ. ಅವಳು ಎರಡನೆಯ ಸಲ ಓದಿದಳು, ಅದೇ ದನಿಯಲ್ಲಿ, ಒಂದಕ್ಷರ ಬದಲಿಸದೆ.

"ನೋಡೋಣ" ಎಂದರು ಅಪ್ಪ.

"ನೋಡೋಣಕ್ಕೆ ಕಾಲಂ ಇಲ್ಲ. ಒಪ್ಪುತ್ತೇನೆ, ಒಪ್ಪುವುದಿಲ್ಲ, ಹೇಳಲಾರೆ. ಇರೋದು ಮೂರೇ."

"ಮೂವತ್ತು ವರ್ಷದಿಂದ ನೋಡ್ತಾ ಇದೀನಿ" ಎಂದರು ಅಪ್ಪ. ಮಹಡಿಯಾಕೆ ಅಲ್ಲಿರುವುದು ಅವರಿಗೆ ಮರೆತೇಹೋದಂತಿತ್ತು. "ಬಸ್ಸಲ್ಲಿ ಹೋದ ಸಾಮಾನು ಹತ್ತರಲ್ಲಿ ಎರಡು ವಾಪಸ್ ಬಂದ್ರೆ ಹೆಚ್ಚು."

ಭಾನುವಾರ ಹೆಣ್ಣುಮಕ್ಕಳು ಸಾಮಾನಲ್ಲ ಎಂದಿದ್ದರು. ಅದನ್ನು ನೆನಪಿಸುವ ಮಾತು ಅವಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಮೂರನೆಯ ಸಲ ಓದಿದಳು. ಓದಿ ಮುಗಿಸಿದ ಮೇಲೆ ಬಾಗಿಲಲ್ಲಿ ಅದೇ ಮೌನ ಬಂದು ನಿಂತಿತು. ಈ ಸಲ ಮುಖ ಅಪ್ಪನದು. ಅದರಲ್ಲಿ ಬೇಡ ಎನ್ನುವುದು ಎಲ್ಲೂ ಇರಲಿಲ್ಲ. ಹೆದರಿದ ಒಬ್ಬ ಗುಮಾಸ್ತ ಮಾತ್ರ ಇದ್ದ, ಕೌಂಟರಿನ ಹಿಂದೆ.

ಅವಳು 'ಹೇಳಲಾರೆ' ಎಂಬ ಸೊನ್ನೆಗೆ ಮಸಿ ತುಂಬಿದಳು. ಎರಡು ವರ್ಷದಲ್ಲಿ ಆ ಸೊನ್ನೆಯನ್ನು ಎಷ್ಟು ಸಲ ಹೀಗೆ ಮುಚ್ಚಿದ್ದಳೋ.

"ಈಗ ಮನೆಯ ಹೆಂಗಸರು" ಎಂದಳು.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಪ್ರಶ್ನೆ ಮುಗಿಯುವವರೆಗೂ ಕಾದರು. ಅಭ್ಯಾಸಬಲದಿಂದ ಗಂಡನ ಕಡೆ ನೋಡಿದರು. ಅವರು ಹೇಳಿದ್ದೇ ಎನ್ನೋಣವೆಂದರೆ ಅವರು ಏನನ್ನೂ ಹೇಳಿರಲಿಲ್ಲ.

"ಒಪ್ತೀನಿ" ಎಂದರು ಅಮ್ಮ. ಆ ಮಾತು ಬಾಯಿಯಲ್ಲಿ ಹೇಗಿರುತ್ತದೆ ಎಂದು ರುಚಿ ನೋಡಿದವರ ಹಾಗೆ ಇನ್ನೊಂದು ಸಲ ಹೇಳಿದರು. "ಒಪ್ತೀನಿ ಕಣೇ. ಬರ್ಕೋ."

"ಭೇಷ್!" ಎಂದರು ಮಹಡಿಯಾಕೆ. "ನನ್ನನ್ನ ಕೇಳಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಆದ್ರೆ ನಮ್ಮ ಹುಡುಗೀನ ಕಳಿಸಲ್ಲಪ್ಪ, ಜನ ಸರಿ ಇಲ್ಲ."

ಅವಳು ಫಾರಂನ ಅಡಿಯಲ್ಲಿ ಲೆಕ್ಕ ಬರೆದಳು. ಅಪ್ಪ ಕತ್ತು ಚಾಚಿ ನೋಡಿದರು. "ಏನದು?"

"ಇಬ್ಬರನ್ನ ಕೇಳಿದ್ದು. ಒಬ್ಬರು ಹೇಳಲಾರೆ, ಅವರು ಲೆಕ್ಕಕ್ಕಿಲ್ಲ. ಉತ್ತರ ಕೊಟ್ಟವರು ಒಬ್ಬರು, ಒಪ್ಪಿದೋರೂ ಒಬ್ಬರು." ಅವಳ ದನಿ ಇನ್ನೂ ಕಚೇರಿಯದೇ. "ಈ ಮನೆಯಲ್ಲಿ ಒಪ್ಪಿಗೆ ನೂರಕ್ಕೆ ನೂರು. ಇಲ್ಲಿ ಸಹಿ ಹಾಕಿ."

ಸಹಿಯಿಲ್ಲದೆ ಯಾರಿಗೂ ಒಂದು ಕೊಡೆಯನ್ನೂ ಕೊಡದ ಅಪ್ಪ, ಪೆನ್ನು ತೆಗೆದುಕೊಂಡು ಎಲ್ಲಿ ಎಂದು ಬೆರಳಿಟ್ಟು ಕೇಳಿ, ಸಹಿ ಹಾಕಿದರು.

ಕಚೇರಿಗೆ ಹಿಂತಿರುಗಿ ಅವಳು ಮೇಲ್ವಿಚಾರಕಿಗೆ ಎರಡು ವಿಷಯ ಹೇಳಿದಳು. ಒಂದು, ಹೊಸ ಊರಿಗೆ ಹೋಗುತ್ತೇನೆ. ಇನ್ನೊಂದು, ಈ ಫಾರಂ ನಮ್ಮ ಮನೆಯದು, ಎಣಿಕೆ ತಪ್ಪಿದೆ, ರದ್ದು ಮಾಡಿ. ಮೇಲ್ವಿಚಾರಕಿ ಎರಡು ಅಡ್ಡಗೀಟು ಎಳೆದರು. ಹೀಗಾಗಿ ಊರಿನ ಒಟ್ಟು ಅಭಿಪ್ರಾಯಕ್ಕೆ ಆ ಮನೆಯಿಂದ ಏನೂ ಸೇರಲಿಲ್ಲ. ಅಂಗಿಗೆ ಮಾಡಿಸಿದ್ದ ಇಸ್ತ್ರಿಯೂ ದಂಡವಾಯಿತು.

ಬುಧವಾರ ಬೆಳಿಗ್ಗೆ ಎದ್ದಾಗ ನಡುಮನೆಯಲ್ಲಿ ಅಟ್ಟದ ಏಣಿ ನಿಂತಿತ್ತು. ಅಪ್ಪ ನೆಲದ ಮೇಲೆ ಕೂತು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಮೇಣದ ಬತ್ತಿಯನ್ನು ಜಿಪ್ಪಿನ ಹಲ್ಲುಗಳಿಗೆ ಉಜ್ಜುತ್ತಿದ್ದರು. ಎಳೆದು ನೋಡುವುದು, ಮತ್ತೆ ಉಜ್ಜುವುದು. ಬ್ಯಾಗಿನ ಹಿಡಿಗೆ ಕಚೇರಿಯ ರಟ್ಟಿನ ಚೀಟಿಯೊಂದನ್ನು ದಾರದಿಂದ ಕಟ್ಟಿದ್ದರು. ಕಳೆದುಹೋದ ಸಾಮಾನಿಗೆ ಕಟ್ಟುವಂಥದ್ದು. ಅದರಲ್ಲಿ ವಾರಸುದಾರರು ಎನ್ನುವ ಕಡೆ ಈ ಮನೆಯ ವಿಳಾಸ ಬರೆದಿತ್ತು, ದಪ್ಪಕ್ಷರದಲ್ಲಿ.

ಅವಳು ಏಣಿಗೆ ಒರಗಿ ನಿಂತಳು. ಅಪ್ಪ ತಲೆಯೆತ್ತಲಿಲ್ಲ.

"ನಾನೇನು ಬೇಡ ಅಂದ್ನಾ?" ಎಂದರು ಜಿಪ್ಪಿಗೆ.

ಮೆಟ್ಟಿಲ ಮೇಲಿಂದ ಮಹಡಿಯಾಕೆಯ ದನಿ ಬಂತು. "ಕಳಿಸೇಬಿಡ್ತೀರಾ ಹಾಗಾದ್ರೆ?"

"ನಮ್ಮ ಮನೇಲಿ ಎಲ್ಲ ಕೂತು ಮಾತಾಡೇ ನಿರ್ಧಾರ ಮಾಡೋದಮ್ಮ" ಎಂದರು ಅಪ್ಪ ಗಟ್ಟಿಯಾಗಿ.

ಅಡುಗೆಮನೆಯಲ್ಲಿ ಸೌಟು ಬಿತ್ತು.