ಅನುಭವ ಸಾಲದವನು

ಒದ್ದೆ ಬಟ್ಟೆಯ ತುದಿಯನ್ನು ಸುರುಳಿ ಮಾಡಿ ಅವಳು ತೀರಿಕೊಂಡ ಅಣ್ಣನ ಉಗುರಿನ ಸಂದಿ ತಿಕ್ಕುತ್ತಿದ್ದಳು. ಹೆಬ್ಬೆರಳಿನ ಸಿಮೆಂಟು ಜಪ್ಪಯ್ಯ ಅಂದರೂ ಬಿಡಲಿಲ್ಲ.

"ಬಿಡಿ ಅತ್ತೆ, ಅದು ಹೋಗಲ್ಲ," ಎಂದಳು ಅಣ್ಣನ ಮಗಳು. "ನನ್ನದೂ ನೋಡಿ." ಹತ್ತು ವರ್ಷ ಅಪ್ಪನ ಜೊತೆ ಗಾರೆ ಕೆಲಸ ಮಾಡಿದ ಕೈಯನ್ನು ಚಾಚಿ, ಹಿಂದಕ್ಕೆ ಎಳೆದುಕೊಂಡಳು.

ಹೊರಗೆ ಬಾಡಿಗೆ ಕುರ್ಚಿಗಳಲ್ಲಿ ಕೂತವರ ಮಾತು ಕಿಟಕಿಯಿಂದ ಬರುತ್ತಿತ್ತು.

"ಹೊಸಬ ಹೋಗ್ಬಿಟ್ನಲ್ಲಪ್ಪಾ," ಎಂದ ಬಡಗಿ.

"ಅರವತ್ತೆರಡಾದ್ರೂ ಹೊಸಬನೇ," ಎಂದ ಬಣ್ಣ ಬಳಿಯುವವನು. "ಮೇಲೂ ಅನುಭವ ಸಾಲ್ದು ಅಂತ ವಾಪಸ್ ಕಳಿಸ್ತಾರೇನೋ."

"ಕಳಿಸ್ಲಿ ಬಿಡು. ನಮ್ಮ ಅಡುಗೆಮನೆ ಗೋಡೆ ಅರ್ಧಕ್ಕೆ ನಿಂತಿದೆ."

ನಕ್ಕರು. ಆಮೇಲೆ ಯಾರೋ ಮೂಗು ಸೀಟಿಕೊಂಡ ಸದ್ದು. ಅವಳು ತಲೆ ಎತ್ತಲಿಲ್ಲ.

*

ಹತ್ತೊಂಬತ್ತು ವರ್ಷದ ಹಿಂದೆ ಅಣ್ಣ ಹಳೆಯ ಕ್ಯಾಲೆಂಡರುಗಳನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಅವಳ ಮನೆಗೆ ಬಂದಿದ್ದ. ಪ್ರತಿ ದಿನದ ಚೌಕದಲ್ಲೂ ಅವತ್ತಿನ ಕೆಲಸ: ಡಾಕ್ಟರ ಮನೆ, ಗಿಲಾವು. ಶಾಲೆ, ಮೆಟ್ಟಿಲು. ಕಟ್ಟಡ ಕೆಲಸದ ಲೈಸೆನ್ಸಿಗೆ ಹತ್ತು ವರ್ಷದ ಅನುಭವದ ಪಟ್ಟಿ ಕೊಡಬೇಕಿತ್ತು.

"ನೀನು ಓದಿದವಳು ಕಣೆ, ನೀಟಾಗಿ ಬರೆದುಕೊಡು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ."

ಅವಳು ನೀಟಾಗಿಯೇ ಬರೆದಳು. ಮೇಲೆ, ಅರ್ಜಿದಾರರ ಜಾಗದಲ್ಲಿ, ಗಂಡನ ಹೆಸರು ಬರೆದಳು. ಗಂಡ ಅಣ್ಣನ ಕೆಲಸಗಳಿಗೆ ಇಟ್ಟಿಗೆ, ಮರಳು ತರಿಸಿಕೊಡುತ್ತಿದ್ದವನೇ ಹೊರತು ಕರಣೆ ಹಿಡಿದವನಲ್ಲ. "ಮನೇಲಿ ಒಬ್ಬರಿಗೆ ಬಂದ್ರೆ ಸಾಕು. ನಿಮ್ಮಣ್ಣನಿಗೆ ಮುಂದಿನ ವರ್ಷ ನೋಡೋಣ," ಎಂದಿದ್ದ. ಚೌಕಗಳಲ್ಲಿ ಕೆಲಸವಿತ್ತು, ಮಾಡಿದವನ ಹೆಸರಿರಲಿಲ್ಲ.

ಅಣ್ಣನಿಗೆ, ಬರೆಯಲು ಪುರುಸೊತ್ತಾಗಲಿಲ್ಲ ಎಂದು ವರ್ಷ ತಳ್ಳಿದಳು. ಆಮೇಲೆ ಅದೇ ಪಟ್ಟಿಯನ್ನು ಅವನ ಹೆಸರಿನಲ್ಲಿ ಬರೆದುಕೊಟ್ಟಳು. ಒಂದು ಕೆಲಸವನ್ನು ಇಬ್ಬರು ತೋರಿಸುವ ಹಾಗಿಲ್ಲ ಎಂಬುದು ಆಗ ಅವಳಿಗೆ ತಿಳಿದಿರಲಿಲ್ಲ.

ಕಚೇರಿಯಿಂದ ಬಂದ ಅಣ್ಣ ಹೊಸ್ತಿಲಲ್ಲೇ ನಿಂತು ನಕ್ಕ. "ನನಗೆ ಅನುಭವ ಸಾಲದಂತೆ ಕಣೆ." ಆ ನಗು ಊರೆಲ್ಲ ಹರಡಿ ಹೊಸಬ ಎಂಬ ಹೆಸರಾಯಿತು. ಅವನು ತಂಗಿಯ ಗಂಡನ ಕೈಕೆಳಗೆ ದಿನಗೂಲಿಯಾದ.

ಮೊದಲಿನ ಪಟ್ಟಿಯನ್ನು ಗುಮಾಸ್ತ ಅಣ್ಣನಿಗೆ ತೋರಿಸಿದ್ದನೋ ಇಲ್ಲವೋ, ಅವಳು ಕೇಳಲಿಲ್ಲ. ಅವನಿಗೆ ಗೊತ್ತಿಲ್ಲ ಎಂದುಕೊಂಡೇ ಇಷ್ಟು ವರ್ಷ ಅವನ ಎದುರು ಕೂತು ಊಟ ಮಾಡಿದ್ದಳು.

*

ಅಣ್ಣನ ಮಗಳು ಬೀರುವಿನ ಮೇಲಿಂದ ಈಚಿನ ಹತ್ತು ವರ್ಷದ ಕ್ಯಾಲೆಂಡರುಗಳ ಸುರುಳಿ ಇಳಿಸಿದಳು. "ಇವತ್ತು ಕೇಳಬಾರದು ಅತ್ತೆ. ಆದ್ರೆ ನನ್ನ ಲೈಸೆನ್ಸ್ ಅರ್ಜಿಗೆ ನಾಡಿದ್ದೇ ಕೊನೆ. ಅತ್ತೆ ಹತ್ರಾನೇ ಬರೆಸ್ಕೋ ಅಂದಿದ್ರು ಅಪ್ಪ."

ಯಾರೋ ಕರೆದರೆಂದು ಅಣ್ಣನ ಮಗಳು ಹೊರಗೆ ಹೋದಳು. ಆ ಸಂದಿನಲ್ಲಿ ಗಂಡ ಒಳಗೆ ಬಂದ.

"ಸ್ಮಶಾನದ ಗಾಡಿ ಬಂತು. ಆ ಕ್ಯಾಲೆಂಡರ್ ಸುರುಳೀನ ನಮ್ಮನೆಗೆ ತಗೊಂಡು ಬಾ," ಎಂದ ಮೆತ್ತಗೆ. "ನಮ್ಮ ಮಗನೂ ಅರ್ಜಿ ಹಾಕ್ತಿದಾನೆ. ಇವಳಿಗೆ ಮುಂದಿನ ವರ್ಷ ನೋಡೋಣ."

ಅದೇ ಮಾತು, ಅದೇ ದನಿ. ಗಂಡ ಹೊರಗೆ ಹೋದ ಮೇಲೆ ಅವಳು ಸುರುಳಿ ಬಿಡಿಸಿದಳು.

ವಕೀಲರ ಮನೆ, ಗಿಲಾವು, ಮಗಳು. ಕೆಳಗೆ ವಕೀಲರ ಸಹಿ. ಮರುದಿನವೂ ಸಹಿ. ಹಾಳೆ ತಿರುವಿದಂತೆಲ್ಲ ಬೇರೆ ಬೇರೆ ಮನೆಯವರ ಸಹಿಗಳು, ಪೆನ್ಸಿಲಿನವು, ಇಂಕಿನವು, ನಡುವೆ ಒಂದೆರಡು ಹೆಬ್ಬೆಟ್ಟು.

"ದಿನಾ ಸಂಜೆ ಮನೆಯವರ ಮುಂದೆ ಕ್ಯಾಲೆಂಡರ್ ಹಿಡ್ಕೊಂಡು ನಿಂತ್ಕೊಳ್ಳೋರು," ಎಂದಳು ಮರಳಿ ಬಂದ ಅಣ್ಣನ ಮಗಳು. "ನನಗೆ ನಾಚಿಕೆ ಆಗೋದು. ಯಾಕಪ್ಪಾ ಅಂದ್ರೆ, ಬರೀ ಕೆಲಸ ಬರ್ಕೊಂಡ್ರೆ ಸಾಲಲ್ಲ ಮಗಳೇ ಅನ್ನೋರು."

ಹಾಗಾದರೆ ಅಣ್ಣನಿಗೆ ಗೊತ್ತಿತ್ತು.

ಮೂರನೆಯ ಕ್ಯಾಲೆಂಡರಿನಲ್ಲಿ ನಾಲ್ಕು ಚೌಕಗಳಿಗೆ ಸಹಿ ಇರಲಿಲ್ಲ. ತಂಗಿ ಮನೆ, ಬಚ್ಚಲ ಗೋಡೆ, ಮಗಳು.

"ಅಲ್ಲೊಂದು ಬಿಟ್ಟುಹೋಗಿದೆ. ಅವಳನ್ನ ಕೇಳೋದು ಬೇಡ, ನೊಂದ್ಕೊಳ್ತಾಳೆ ಅಂದ್ರು ಅಪ್ಪ."

ಗಂಡ ಬಾಗಿಲಲ್ಲಿ ನಿಂತು ಸುರುಳಿಗೆ ಕೈ ಚಾಚಿದ. "ಬರ್ತೀಯಾ ಇಲ್ವಾ?"

"ಪೆನ್ ಕೊಡಿ."

ಗಾಡಿಯವನ ಕಾಗದಕ್ಕೇನೋ ಬೇಕೆಂದುಕೊಂಡು ಅವನು ಜೇಬಿನಿಂದ ತೆಗೆದುಕೊಟ್ಟ. ಅವಳು ಅಣ್ಣನ ಮಗ್ಗುಲಲ್ಲಿ, ಮಂಚದ ಅಂಚಿನ ಮೇಲೆ ಕ್ಯಾಲೆಂಡರ್ ಹರಡಿದಳು. ಮೊದಲ ಚೌಕದಲ್ಲಿ ಸಹಿ ಹಾಕಿದಾಗ ಹೆಸರಿನ ಕೊನೆಯ ಅಕ್ಷರ ಗೆರೆ ದಾಟಿ ಮರುದಿನದೊಳಗೆ ಹೋಯಿತು. ಗಂಡ ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು ನೋಡುತ್ತಿದ್ದ. ಅವಳು ಎರಡನೆಯ ಚೌಕಕ್ಕೆ ಪೆನ್ನು ಇಟ್ಟಳು.